ಬೇಸಿಗೆಯಲ್ಲಿ ಕುಂಡದ ಗಿಡಗಳಿಗೆ ನೀರುಣಿಸುವ ಕ್ರಮ

ಬೇಸಿಗೆಯಲ್ಲಿ ಕುಂಡದ ಗಿಡಗಳಿಗೆ ಬಿಸಿಲೇರುವ ಮುನ್ನವೇ ನೀರುಣಿಸಬೇಕು. ಆಗ ಆವಿಯಾಗಿ ಹೋಗುವ ನೀರು ಕಡಿಮೆ. ಮೇಲ್ಮಣ್ಣು ಒಣಗಿದಂತೆ ಕಂಡ ಮಾತ್ರಕ್ಕೆ ನೀರು ಸುರಿಯದೆ, ಬೆರಳನ್ನು ಎರಡು ಗೆಣ್ಣಿನಷ್ಟು ಆಳಕ್ಕೆ ಇಳಿಸಿ ನೋಡಿ. ತುದಿಗೆ ಮಣ್ಣು ತಣ್ಣಗೆ ಅಂಟಿಕೊಂಡರೆ ಆ ದಿನ ನೀರು ಬೇಡ. ಮಧ್ಯಾಹ್ನ ಜೋತುಬಿದ್ದ ಎಲೆಗಳು ಸಂಜೆಗೆ ತಾವಾಗಿಯೇ ಚೇತರಿಸಿಕೊಳ್ಳುವುದುಂಟು, ಆದ್ದರಿಂದ ಗಾಬರಿಯಿಂದ ನೀರೆರೆದು ಬೇರು ಕೊಳೆಯಿಸುವುದಕ್ಕಿಂತ ಕಾಯುವುದು ಲೇಸು. ತೀರಾ ಒಣಗಿದ ಮಣ್ಣು ಕುಗ್ಗಿ ಕುಂಡದ ಅಂಚಿನಿಂದ ಬಿಟ್ಟುಕೊಳ್ಳುವುದರಿಂದ, ಹಾಕಿದ ನೀರು ಬೇರನ್ನು ಮುಟ್ಟದೆ ಬದಿಯಿಂದಲೇ ಜಾರಿಹೋಗುತ್ತದೆ. ಅಂಥ ಕುಂಡವನ್ನು ನೀರು ತುಂಬಿದ ಬಕೆಟ್‌ನಲ್ಲಿ ಅರ್ಧ ಗಂಟೆ ಇಟ್ಟು ತೆಗೆಯಿರಿ. ಮಣ್ಣಿನ ಮೇಲೆ ಸುಮಾರು 5 ಸೆಂ.ಮೀ. ದಪ್ಪಕ್ಕೆ ಒಣ ಎಲೆ ಹಾಸಿ, ಕಾಂಡದ ಸುತ್ತ ಮಾತ್ರ ಜಾಗ ಬಿಡಿ. ತಟ್ಟೆಯಲ್ಲಿ ನಿಂತ ನೀರಿನಲ್ಲಿ ಸೊಳ್ಳೆಗಳು ಮೊಟ್ಟೆಯಿಡುವುದರಿಂದ ಅದನ್ನು ಆಗಲೇ ಚೆಲ್ಲಬೇಕು.