ಐದು ಸ್ಟಾರ್‌ಗೆ ಬೆಲೆ ಬರಬೇಕಾದರೆ: ಕೊಳ್ಳುವ-ಮಾರುವ ಆ್ಯಪಿಗೆ ರೇಟಿಂಗ್ ಕಟ್ಟುವ ಬಗೆ

ಹಳೆಯ ಸಾಮಾನು ಮಾರುವ ಆ್ಯಪ್ ಕಟ್ಟುವವರು ಸಾಮಾನ್ಯವಾಗಿ ‘ಜನರ ನಂಬಿಕೆ ಹೆಚ್ಚಿಸಬೇಕು’ ಎಂದು ಹೊರಡುತ್ತಾರೆ. ಆ ಗುರಿಯೇ ಸರಿಯಿಲ್ಲ. ಮೋಸಗಾರನನ್ನು ಜನ ನಂಬಿದರೂ ನಂಬಿಕೆ ಹೆಚ್ಚಿದ ಲೆಕ್ಕವೇ. ಯಾರನ್ನು, ಯಾವ ವಿಷಯಕ್ಕೆ ನಂಬಬಹುದು ಎಂದು ಕೊಳ್ಳುವವರಿಗೆ ತಿಳಿಯಬೇಕು. ತತ್ವಶಾಸ್ತ್ರಜ್ಞೆ ಒನೋರಾ ಓನೀಲ್ ಒತ್ತಿ ಹೇಳುತ್ತ ಬಂದಿರುವುದೂ ಇದನ್ನೇ.

ಮೊದಲು ಪ್ರಶ್ನೆಯನ್ನು ಒಡೆಯಿರಿ. ‘ಅನುಭವ ಹೇಗಿತ್ತು?’ ಎಂದು ಕೇಳಿದರೆ ಕೊರಿಯರ್ ತಡವಾದ ಸಿಟ್ಟೂ ಸಾಮಾನಿನ ಮೆಚ್ಚುಗೆಯೂ ಒಂದೇ ಸ್ಟಾರಿನಲ್ಲಿ ಕಲಸಿಹೋಗುತ್ತವೆ. ಮೂರನ್ನು ಬೇರೆಬೇರೆ ಕೇಳಿ: ಸಾಮಾನು ವಿವರಣೆಯಲ್ಲಿದ್ದಂತೆಯೇ ಇತ್ತೇ? ಹೇಳಿದ ದಿನ ಕಳಿಸಿದರೇ? ತಕರಾರು ಬಂದಾಗ ಉತ್ತರ ಕೊಟ್ಟರೇ? ಹಣ ಸಂದಾಯವಾದ ಆರ್ಡರ್‌ಗೆ ಮಾತ್ರ ರಿವ್ಯೂ, ಅದೂ ಆರ್ಡರ್‌ಗೆ ಒಂದೇ.

ಇಬ್ಬರೂ ಪರಸ್ಪರ ರೇಟಿಂಗ್ ಕೊಡುವಲ್ಲಿ ಸೇಡಿನ ಭಯ ಇದ್ದೇ ಇರುತ್ತದೆ. ಕೊಂಡವರು ನಿಜ ಬರೆದರೆ ಮಾರಿದವರು ತಿರುಗಿಸಿ ಕೆಟ್ಟದ್ದು ಬರೆಯುತ್ತಿದ್ದ ಕಾರಣ, ಕೊಂಡವರಿಗೆ ಮಾರಾಟಗಾರರು ಕೆಟ್ಟ ರೇಟಿಂಗ್ ಕೊಡುವುದನ್ನೇ ಆನ್‌ಲೈನ್ ಮಾರಾಟ ತಾಣ ಇಬೇ 2008ರಲ್ಲಿ ನಿಲ್ಲಿಸಿತು. ಪ್ರವಾಸಿಗರಿಗೆ ಮನೆ ಬಾಡಿಗೆಗೆ ಕೊಡಿಸುವ ಏರ್‌ಬಿಎನ್‌ಬಿ 2014ರಲ್ಲಿ ಕಂಡುಕೊಂಡ ದಾರಿ ಇದಕ್ಕಿಂತ ಮೇಲು: ಮನೆಯವರು, ಅತಿಥಿ ಇಬ್ಬರೂ ಬರೆಯುವ ತನಕ, ಇಲ್ಲವೇ 14 ದಿನದ ಅವಧಿ ಮುಗಿಯುವ ತನಕ ಯಾವ ರಿವ್ಯೂವೂ ಕಾಣುವುದಿಲ್ಲ.

ಹೆಚ್ಚಿನ ಆ್ಯಪ್‌ಗಳು ಎಡವುವುದು ಸರಾಸರಿಯಲ್ಲಿ. ಎರಡೇ ರಿವ್ಯೂ ಇರುವ ಹೊಸಬ 5.0 ಪಡೆದು, 200 ರಿವ್ಯೂಗಳ 4.7ಕ್ಕಿಂತ ಮೇಲೆ ಕೂರುತ್ತಾನೆ. ಇದನ್ನು ತಡೆಯಲು ಪ್ರತಿ ಮಾರಾಟಗಾರರ ಲೆಕ್ಕಕ್ಕೂ ಇಡೀ ಆ್ಯಪಿನ ಸರಾಸರಿಯಷ್ಟೇ ಸ್ಟಾರ್ ಇರುವ 10 ಕಾಲ್ಪನಿಕ ರಿವ್ಯೂ ಸೇರಿಸಿ. ಆ್ಯಪಿನ ಸರಾಸರಿ 4.2 ಎಂದಾದರೆ ಸೇರುವುದು 42 ಸ್ಟಾರ್. ಹೊಸಬನದು (42+10)÷12 = 4.33. ಹಳಬರದು (42+940)÷210 = 4.68. ಹುಡುಕಾಟದ ಪಟ್ಟಿಯನ್ನು ಈ ಅಂಕಿಯಿಂದ ಜೋಡಿಸಿ. ಪರದೆಯ ಮೇಲೆ ಮಾತ್ರ ಎಷ್ಟು ಮಾರಾಟ, ಎಷ್ಟು ರಿವ್ಯೂ, ಯಾವ ಸ್ಟಾರ್ ಎಷ್ಟು ಎಂಬುದನ್ನೇ ತೋರಿಸಿ. ಆ 10ನ್ನು 100 ಮಾಡಿದರೆ ಪ್ರಾಮಾಣಿಕ ಹೊಸಬರು ಮೇಲೆ ಬರಲು ತಿಂಗಳುಗಟ್ಟಲೆ ಬೇಕು, ಹಾಗೆ ಮಾಡಬೇಡಿ.

ಇಷ್ಟಾದರೂ ಒಂದು ಕಿಂಡಿ ಉಳಿಯುತ್ತದೆ. ₹50ರ ಕವರ್‌ಗಳನ್ನು ನೆಟ್ಟಗೆ ಮಾರಿ ಹೆಸರು ಗಳಿಸಿ, ಕೊನೆಗೆ ₹50,000ದ ಫೋನಿಗೆ ಹಣ ಪಡೆದು ಮಾಯವಾಗುವುದು ಹಳೆಯ ಆಟ. ಈ ಬೆಲೆಯ ಸಾಮಾನನ್ನು ಇವರು ಹಿಂದೆ ಎಷ್ಟು ಸಲ ಮಾರಿದ್ದಾರೆ ಎಂಬುದನ್ನು ‘ಖರೀದಿಸಿ’ ಗುಂಡಿಯ ಪಕ್ಕದಲ್ಲೇ ಬರೆಯಿರಿ. ಹಿಂದಿನ ದೊಡ್ಡ ಮಾರಾಟಕ್ಕಿಂತ ಐದು ಪಟ್ಟು ಹೆಚ್ಚು ಬೆಲೆಯ ಆರ್ಡರ್ ಬಂದರೆ, ಸಾಮಾನು ತಲುಪಿದ ಮೇಲೆಯೇ ಹಣ ಬಿಡುಗಡೆಯಾಗಲಿ.

ಬ್ಯಾಡ್ಜ್ ಕೊಡುವುದಾದರೆ ಏನನ್ನು ಪರಿಶೀಲಿಸಿದ್ದೀರಿ ಎಂದು ಅದರಲ್ಲೇ ಹೇಳಿ. ಒಟಿಪಿಯಿಂದ ತಿಳಿಯುವುದು ಆ ನಂಬರ್ ಅವರ ಕೈಯಲ್ಲಿದೆ ಎಂಬುದಷ್ಟೆ. ‘ಪರಿಶೀಲಿತ ಮಾರಾಟಗಾರ’ ಎನ್ನುವ ಬದಲು ‘ಫೋನ್ ನಂಬರ್ ಪರಿಶೀಲಿಸಿದೆ’ ಎಂದು ಬರೆಯಿರಿ. ಗುರುತಿನ ಸಂಕೇತವಾಗಿದ್ದ ನೀಲಿ ಟಿಕ್ಕನ್ನು ಟ್ವಿಟರ್ 2022ರ ನವೆಂಬರ್‌ನಲ್ಲಿ ಹಣ ಕೊಟ್ಟವರಿಗೆಲ್ಲ ತೆರೆದಾಗ, ಎಲಿ ಲಿಲ್ಲಿ ಔಷಧ ಕಂಪನಿಯ ಹೆಸರಿನ ನಕಲಿ ಖಾತೆಯೊಂದು ಇನ್ಸುಲಿನ್ ಉಚಿತ ಎಂದು ಸಾರಿತು. ಟಿಕ್ ನೋಡಲು ಮೊದಲಿನಂತೆಯೇ ಇತ್ತು, ಅರ್ಥ ಮಾತ್ರ ಬದಲಾಗಿತ್ತು. ಬ್ಯಾಡ್ಜಿನ ನಿಯಮ ಬದಲಿಸಿದರೆ ಅದರ ರೂಪವನ್ನೂ ಬದಲಿಸಲೇಬೇಕು.

ಮೂರು ತಿಂಗಳಿಗೊಮ್ಮೆ ಮಾರಾಟಗಾರರನ್ನು ರೇಟಿಂಗ್ ಪ್ರಕಾರ ಗುಂಪು ಮಾಡಿ, ಪ್ರತಿ ಗುಂಪಿನಲ್ಲಿ 100 ಆರ್ಡರ್‌ಗೆ ಎಷ್ಟು ತಕರಾರು ಬಂದಿವೆ ಎಂದು ಎಣಿಸಿ. 4.8ರವರಿಗೂ 4.3ರವರಿಗೂ ತಕರಾರು ಒಂದೇ ಸಮ ಇದ್ದರೆ ನಿಮ್ಮ ಸ್ಟಾರ್ ಏನನ್ನೂ ಹೇಳುತ್ತಿಲ್ಲ. ಆಗ ಮೊದಲು ನೋಡಬೇಕಾದ್ದು ರಿವ್ಯೂ ಬಾರದ ಆರ್ಡರ್‌ಗಳನ್ನು. ಬೇಸರಗೊಂಡವರು ಬರೆಯದೆ ಹೋಗಿರುತ್ತಾರೆ. ಅಂಥವರಲ್ಲಿ ಕೆಲವರಿಗೆ ಫೋನ್ ಮಾಡಿ ಅದೇ ಮೂರು ಪ್ರಶ್ನೆ ಕೇಳಿ.