ಹಾಲು ಬೆಂಡೆಯನ್ನು ಬೀಜಕ್ಕೆ ಬಿಡುವ ಸಂತೋಷ

ಕರಾವಳಿಯ ಮಳೆಗಾಲದ ಬೆಳೆಯಾದ ಹಾಲು ಬೆಂಡೆಯನ್ನು ನಾನು ಹಲವು ವರ್ಷಗಳಿಂದ ಮನೆಯ ಹಿತ್ತಿಲಲ್ಲಿ ಬೆಳೆಯುತ್ತಿದ್ದೇನೆ. ಹಸಿರಿಗಿಂತ ಬಿಳುಪೇ ಹೆಚ್ಚಾಗಿರುವ ಇದರ ಕಾಯಿ ಗೇಣುದ್ದ ಬೆಳೆದರೂ ನಾರು ಕಟ್ಟದೆ ಎಳೆಯದಾಗಿಯೇ ಉಳಿಯುತ್ತದೆ. ಹೈಬ್ರಿಡ್ ಬೀಜ ಹಾಕಿದರೂ ಕಾಯಿ ಧಾರಾಳವಾಗಿ ಸಿಗುತ್ತದೆ, ನಿಜ. ಆದರೆ ಆ ಕಾಯಿಯ ಬೀಜವನ್ನು ಮರುವರ್ಷ ಬಿತ್ತಿದರೆ ಒಂದು ಗಿಡದಂತೆ ಇನ್ನೊಂದು ಇರುವುದಿಲ್ಲ. ಊರಿನ ತಳಿಯ ಬೀಜವನ್ನು ನಾವೇ ಆರಿಸಿ ಮುಂದಿನ ಮಳೆಗೆ ಎತ್ತಿಡಬಹುದು, ಮತ್ತು ನನಗೆ ಪಲ್ಯ, ಹುಳಿಗಳಿಗಿಂತ ಹೆಚ್ಚಿನ ಸಂತೋಷ ಕೊಟ್ಟಿರುವುದು ಈ ಆರಿಸುವ ಕೆಲಸವೇ.

ಪತ್ತನಾಜೆಯ ಹೊತ್ತಿಗೆ, ಅಂದರೆ ಮೇ ತಿಂಗಳ ಕೊನೆಯ ವಾರದಲ್ಲಿ, ರಾತ್ರಿಯಿಡೀ ನೆನೆಸಿದ ಬೀಜವನ್ನು ಏರುಮಡಿಯಲ್ಲಿ ಊರುತ್ತೇನೆ. ಬುಡದಲ್ಲಿ ನೀರು ನಿಂತರೆ ಗಿಡ ಕೊಳೆಯುವುದರಿಂದ ಮಡಿ ಎತ್ತರವಾಗಿರಬೇಕು. ಸುಡುಮಣ್ಣು ಮತ್ತು ಹಟ್ಟಿಗೊಬ್ಬರಗಳಷ್ಟೇ ಸಾಕು. ಅಷ್ಟಮಿ, ಚೌತಿಗಳ ಅಡುಗೆಗೆ ಕಾಯಿ ಒದಗುತ್ತದೆ.

ಗಿಡ ಮೊಣಕಾಲೆತ್ತರಕ್ಕೆ ಬಂದಾಗಿನಿಂದಲೇ ನನ್ನ ಕಣ್ಣು ಬೀಜದ ಗಿಡಗಳನ್ನು ಹುಡುಕುತ್ತಿರುತ್ತದೆ. ಬೇಗ ಹೂ ಬಿಟ್ಟ, ಗಿಣ್ಣುಗಳು ಒತ್ತೊತ್ತಾಗಿರುವ, ಬಿಳಿ ನೊಣ ಹರಡುವ ಹಳದಿ ನಂಜು ರೋಗ ತಗುಲದ ಗಿಡಗಳಿಗೆ ಕೆಂಪು ಬಟ್ಟೆಯ ಚೂರು ಕಟ್ಟಿ ಗುರುತಿಡುತ್ತೇನೆ. ಒಂದೇ ಗಿಡದ ಬೀಜವನ್ನು ನೆಚ್ಚಿಕೊಂಡರೆ ತಳಿಯ ಒಳಗಿನ ವೈವಿಧ್ಯ ಸೊರಗುತ್ತದೆ. ಆದ್ದರಿಂದ ಜಾಗ ಇದ್ದಷ್ಟು ಹೆಚ್ಚು ಗಿಡಗಳಿಂದ ಬೀಜ ಕೂಡಿಸುತ್ತೇನೆ. ಬೆಂಡೆಯ ಹೂವು ತನ್ನದೇ ಪರಾಗದಿಂದ ಕಾಯಿ ಕಟ್ಟಬಲ್ಲದಾದರೂ, ನೆರೆಯ ಹಿತ್ತಿಲಿನ ಹಸಿರು ಬೆಂಡೆಯ ಪರಾಗವನ್ನು ಜೇನುನೊಣಗಳು ತಂದು ಬೆರಸುವುದುಂಟು. ಮರುದಿನ ಅರಳಲಿರುವ ಮೊಗ್ಗು ಸಂಜೆಯೇ ಉಬ್ಬಿ, ಹಸಿರು ಹೊದಿಕೆಯ ಸಂದಿಯಿಂದ ತಿಳಿಹಳದಿ ಎಸಳನ್ನು ತೋರಿಸುತ್ತದೆ. ಅದರ ತುದಿಯನ್ನು ಹತ್ತಿಯ ನೂಲಿನಿಂದ ಮೃದುವಾಗಿ ಕಟ್ಟಿದರೆ ಎಸಳು ಬಿಚ್ಚುವುದಿಲ್ಲ, ನೊಣಕ್ಕೆ ದಾರಿ ಸಿಗುವುದಿಲ್ಲ, ಕಾಯಿಯಂತೂ ನಿಲ್ಲುತ್ತದೆ. ತೊಟ್ಟಿಗೆ ಇನ್ನೊಂದು ಬಣ್ಣದ ನೂಲು ಸುತ್ತಿಟ್ಟರೆ ಮನೆಯವರು ತಪ್ಪಿಯೂ ಅದನ್ನು ಕೊಯ್ಯುವುದಿಲ್ಲ.

ಕರಾವಳಿಯಲ್ಲಿ ನಿಜವಾದ ತೊಡಕಿರುವುದು ಒಣಗಿಸುವುದರಲ್ಲಿ. ಮೊದಲ ಕಾಯಿಗಳನ್ನೇ ಬೀಜಕ್ಕೆ ಬಿಟ್ಟರೆ ಅವು ಜಡಿಮಳೆಯಲ್ಲಿ ಬಲಿತು ಬೂಸ್ಟು ಹಿಡಿಯುತ್ತವೆ. ಆದ್ದರಿಂದ ಗಿಡವನ್ನು ಮೊದಲೇ ಆರಿಸಿದರೂ ಆರಂಭದ ಕಾಯಿಗಳನ್ನು ಅಡುಗೆಗೆ ಕೊಯ್ದು, ಮಳೆ ಇಳಿಯುವ ಹೊತ್ತಿಗೆ ಬಲಿಯುವಂಥ ಎರಡು ಮೂರು ಕಾಯಿಗಳನ್ನು ಮಾತ್ರ ಉಳಿಸುತ್ತೇನೆ. ಬೀಜ ಬಲಿಯತೊಡಗಿದ ಮೇಲೆ ಹೊಸ ಕಾಯಿ ಬಿಡುವುದು ಕುಗ್ಗುವುದರಿಂದಲೂ ಈ ಕ್ರಮವೇ ಲಾಭಕರ. ಕಾಯಿ ಕಂದು ಬಣ್ಣಕ್ಕೆ ತಿರುಗಿ ಏಣುಗಳಲ್ಲಿ ಬಿರಿಯತೊಡಗಿದಾಗ ಕೊಯ್ದು, ನೆರಳಲ್ಲಿ ಆರಿಸಿ, ಬಿಡಿಸಿದ ಬೀಜಕ್ಕೆ ಜರಡಿಯಾಡಿದ ಒಲೆಬೂದಿ ಬೆರೆಸಿ ಗಾಜಿನ ಬಾಟಲಿಯಲ್ಲಿ ತುಂಬಿಡುತ್ತೇನೆ. ಉಗುರಿನಿಂದ ಒತ್ತಿದರೆ ಗುರುತು ಬೀಳುವ ಬೀಜ ಇನ್ನೂ ಒಣಗಿಲ್ಲವೆಂದು ತಿಳಿಯಬೇಕು.

ಎಲ್ಲ ಬೀಜವನ್ನೂ ಮನೆಯಲ್ಲಿಯೇ ಇಟ್ಟುಕೊಳ್ಳುವ ಅಭ್ಯಾಸ ನನಗಿಲ್ಲ. ಒಂದು ಹಿತ್ತಿಲಿನ ಬೆಳೆ ಮಳೆಗೆ ಹೋದರೂ ಇನ್ನೊಂದರಲ್ಲಿ ತಳಿ ಉಳಿದಿರಲೆಂದು, ಬಿತ್ತುವ ಕಾಲಕ್ಕೆ ಮುಂಚೆಯೇ ಕೇಳಿದವರಿಗೆಲ್ಲ ಒಂದೊಂದು ಹಿಡಿ ಪೊಟ್ಟಣ ಕಟ್ಟಿ, ಮೇಲೆ ತಳಿಯ ಹೆಸರನ್ನೂ ಬೀಜ ತೆಗೆದ ವರ್ಷವನ್ನೂ ಬರೆದು ಕೊಡುತ್ತೇನೆ.