ಮೀನಿನ ಕಣ್ಣು, ಲೋಟದ ಹಾಲು: ಪೊರೆಯನ್ನು ಬೆಳಕಿನಿಂದ ಅಳೆಯುವುದು ಹೇಗೆ?

ಮುಂಬಯಿಯ ಮಾಟುಂಗದಲ್ಲಿರುವ ನಮ್ಮ ಮನೆಯಲ್ಲಿ ಅತ್ತೆ ‘ಕಣ್ಣಿಗೆ ಪೊರೆ ಬಂದಿದೆ’ ಎನ್ನುತ್ತಾರೆ. ಎದುರು ಮನೆಯ ಮರಾಠಿ ಅಜ್ಜಿ ‘ಮೋತಿಬಿಂದು’, ಅಂದರೆ ಮುತ್ತಿನ ಬಿಂದು, ಎನ್ನುತ್ತಾರೆ. ಈ ಒಂದು ಮಾತಿನಲ್ಲಿ ನಾನು ಅಜ್ಜಿಯ ಪಕ್ಷ. ಪೊರೆ ಎಂದೊಡನೆ ಕಣ್ಣಿನ ಮೇಲೆ ಏನೋ ಕಟ್ಟಿಕೊಂಡಿದೆ, ಹನಿ ಔಷಧ ಬಿಟ್ಟರೆ ತೊಳೆದುಹೋದೀತು ಎಂಬ ಆಸೆ ಹುಟ್ಟುತ್ತದೆ. ಕೆಡುವುದು ಪಾಪೆಯ ಹಿಂದಿರುವ ಮಸೂರವೇ. ಅದು ಒಳಗಿನಿಂದಲೇ ಮುತ್ತಿನಂತೆ ಮಂಕಾಗುತ್ತದೆ.

ಮೊದಲು ಆ ಮುತ್ತನ್ನೇ ನೋಡಿಬಿಡಿ. ಮೀನು ಬೇಯಿಸುವ ಮನೆಯಾದರೆ ಸುರಮಯಿಯ, ಅಂದರೆ ನಮ್ಮ ಅಂಜಲ್‌ನ, ತಾಜಾ ತಲೆ ತನ್ನಿ. ದೊಡ್ಡವರೇ ಕಣ್ಣನ್ನು ಸೀಳಿ ಒತ್ತಿದರೆ ಗುಂಡನೆಯ ತಿಳಿ ಮಣಿಯೊಂದು ಜಾರಿ ಹೊರಬರುತ್ತದೆ. ತೊಳೆದು ಪತ್ರಿಕೆಯ ಅಕ್ಷರದ ಮೇಲಿಡಿ: ಅಕ್ಷರ ಉಬ್ಬಿ ದೊಡ್ಡದಾಗಿ ಕಾಣುತ್ತದೆ. ಈಗ ಅದನ್ನು ಕುದಿಯುವ ನೀರಿಗೆ ಹಾಕಿ ಕೆಲವು ನಿಮಿಷ ಬಿಡಿ. ಹೊರಬರುವುದು ಸಾರಿನ ಮೀನಿನ ಕಣ್ಣಿನಲ್ಲಿ ನಾವೆಲ್ಲ ಕಂಡಿರುವ ಬಿಳಿ ಗುಂಡು. ಹೊರಗಿನಿಂದ ಅದಕ್ಕೆ ಏನೂ ಅಂಟಿಲ್ಲ. ಅದರದೇ ಪ್ರೋಟೀನ್ ಗಂಟುಕಟ್ಟಿದೆ. ನಮ್ಮ ಮಸೂರ ಬೇಯುವುದಿಲ್ಲ, ಆದರೆ ಅದರ ನಡುಭಾಗದ ಪ್ರೋಟೀನು ನಾವು ಹುಟ್ಟುವ ಮೊದಲೇ ತಯಾರಾದದ್ದು, ಅದರ ಜಾಗಕ್ಕೆ ಹೊಸದು ಬರುವುದೇ ಇಲ್ಲ. ಎಪ್ಪತ್ತು ವರ್ಷದ ಬಿಸಿಲು, ವಯಸ್ಸು, ಕೆಲವರಿಗೆ ಸಕ್ಕರೆ ಕಾಯಿಲೆ ಸೇರಿ ಅದನ್ನು ನಿಧಾನವಾಗಿ ಹಳದಿಯಾಗಿಸಿ ಮುದ್ದೆಗಟ್ಟಿಸುತ್ತವೆ.

ಇನ್ನು ಅಳತೆ. ಇದಕ್ಕೆ ಮೀನು ಬೇಡ. ಕತ್ತಲ ಕೋಣೆ, ನೀರು ತುಂಬಿದ ಗಾಜಿನ ಲೋಟ, ಟಾರ್ಚ್, ಕೆನೆ ತೆಗೆದ ಹಾಲು, ಬೆಳಕು ಅಳೆಯುವ ಆ್ಯಪ್ ಇರುವ ಮೊಬೈಲ್ ಸಾಕು. ಲೋಟದ ಒಂದು ಬದಿಗೆ ಟಾರ್ಚ್, ಎದುರು ಬದಿಗೆ ಮೊಬೈಲ್ ನಿಲ್ಲಿಸಿ. ಬೆಳಕನ್ನು ಗ್ರಹಿಸುವ ಬಿಂದು ಸಾಮಾನ್ಯವಾಗಿ ಪರದೆಯ ಮೇಲ್ತುದಿಯಲ್ಲಿ, ಸೆಲ್ಫಿ ಕ್ಯಾಮೆರಾದ ಹತ್ತಿರ ಇರುತ್ತದೆ. ಅದು ಬೆಳಕಿನ ನೇರಕ್ಕೆ ಬರಲಿ. ಟಾರ್ಚ್, ಲೋಟ, ಮೊಬೈಲ್ ಇಟ್ಟ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಇಲ್ಲದಿದ್ದರೆ ಲೆಕ್ಕವೆಲ್ಲ ಹಾಳು. ಒಂದೊಂದೇ ಹನಿ ಹಾಲು ಬಿಡಿ, ಕಲಕಿ, ಅಂಕಿ ಬರೆದುಕೊಳ್ಳಿ. ಹನಿ ಹೆಚ್ಚಿದಂತೆ ಅಂಕಿ ಇಳಿಯುತ್ತದೆ. ಬಳಿಕ ಹೊಸ ನೀರು ತುಂಬಿ, ಮೊಬೈಲನ್ನು ಲೋಟದ ಪಕ್ಕಕ್ಕೆ ಅಡ್ಡಲಾಗಿ ಸರಿಸಿ ಮತ್ತೆ ಅಳೆಯಿರಿ. ಈ ಸಲ ಮೊದಲ ಹನಿಗಳಿಗೆ ಅಂಕಿ ಏರುತ್ತದೆ. ಮಸೂರದ ಗಂಟುಗಳಂತೆಯೇ ಹಾಲಿನ ಕಣಗಳೂ ನೇರ ಹೋಗುವ ಬೆಳಕನ್ನು ಸುತ್ತಲೂ ಚದುರಿಸುತ್ತವೆ. ಲೋಟವನ್ನು ಅಡ್ಡದಿಂದ ನೋಡಿದರೆ ನಸುನೀಲಿ, ಟಾರ್ಚಿನ ಎದುರಿನಿಂದ ನೋಡಿದರೆ ನಸುಹಳದಿ. ಟಾರ್ಚಿನ ಬದಲು ಲೇಸರ್ ಪೆನ್ ಬೇಡವೇ ಬೇಡ, ಮಕ್ಕಳಿರುವ ಮನೆಯಲ್ಲಂತೂ.

ಆಸ್ಪತ್ರೆಯಲ್ಲಿ ನಡೆಯುವುದೂ ಇದೇ. ಪಾಪೆ ಹಿಗ್ಗಿಸುವ ಹನಿ ಹಾಕಿ, ಸ್ಲಿಟ್ ಲ್ಯಾಂಪಿನಿಂದ ತೆಳ್ಳನೆಯ ಬೆಳಕಿನ ಪಟ್ಟಿಯನ್ನು ಓರೆಯಾಗಿ ಮಸೂರದೊಳಗೆ ಹಾಯಿಸುತ್ತಾರೆ. ಹಿಂದಕ್ಕೆ ಚದುರಿದ ಬೆಳಕನ್ನು ನೋಡಿ, ಮಾದರಿ ಚಿತ್ರಗಳ ಜೊತೆ ಹೋಲಿಸಿ ದರ್ಜೆ ಕೊಡುತ್ತಾರೆ. 1993ರಲ್ಲಿ ಬಂದ ಲಾಕ್ಸ್-3 ಪದ್ಧತಿಯಲ್ಲಿ ಮಸೂರದ ತಿರುಳಿನ ಮಬ್ಬಿಗೆ 0.1ರಿಂದ 6.9ರವರೆಗೆ ಅಂಕವಿದೆ. ಷೈಮ್‌ಫ್ಲುಗ್ ಕ್ಯಾಮೆರಾ ಇದ್ದರೆ ಮುಂದಿನಿಂದ ಹಿಂದಿನವರೆಗೆ ಮಸೂರದ ಸೀಳುನೋಟ ಸ್ಪಷ್ಟವಾಗಿ ಸಿಕ್ಕಿ, ಮಬ್ಬು ಅಂಕಿಯಾಗಿಯೇ ಬರುತ್ತದೆ.

ಒಂದು ಮಾತು ಗಮನದಲ್ಲಿರಲಿ. ವೈದ್ಯರು ಕಾಣುವುದು ಹಿಂದಕ್ಕೆ ಚದುರಿದ ಬೆಳಕು. ನಿಮ್ಮನ್ನು ಕಾಡುವುದು ಮುಂದಕ್ಕೆ, ಕಣ್ಣಿನ ಹಿಂಭಾಗದ ಪರದೆಯ (ರೆಟಿನಾದ) ಮೇಲೆ ಚದುರಿದ ಬೆಳಕು. ಎರಡೂ ಸದಾ ಹೊಂದುವುದಿಲ್ಲ. ‘ಇನ್ನೂ ಸ್ವಲ್ಪವೇ ಇದೆ’ ಎಂದು ಅವರು ಹೇಳಿದ ಮೇಲೂ ರಾತ್ರಿ ಹೆದ್ದಾರಿಯಲ್ಲಿ ಎದುರಿನ ದೀಪಗಳು ಹೂವಿನಂತೆ ಅರಳಿ ದಾರಿ ಮುಚ್ಚುತ್ತಿದ್ದರೆ ಅದನ್ನು ಬಾಯಿಬಿಟ್ಟು ಹೇಳಿ. ಅಂಕಿಯಷ್ಟೇ ಬೆಲೆ ಆ ಮಾತಿಗೂ ಇದೆ.

ಇನ್ನೊಂದು ಅಳತೆ ಸಂಶೋಧಕರದ್ದು, ನನಗೆ ತುಂಬ ಇಷ್ಟವಾದದ್ದು. ಸಂಜೆ ದಾದರ್ ಸೇತುವೆಯ ಮೇಲೆ ಒಂಟಿಯಾಗಿ ಬಂದವನು ಸರಸರ ನುಸುಳುತ್ತಾನೆ, ಕೈ ಕೈ ಹಿಡಿದ ಕುಟುಂಬ ತೆವಳುತ್ತದೆ. ಮಸೂರದ ಪ್ರೋಟೀನುಗಳೂ ಹಾಗೆಯೇ: ಬಿಡಿಯಾದವು ಬೇಗ ಅಲುಗುತ್ತವೆ, ಗಂಟುಕಟ್ಟಿದವು ನಿಧಾನ. ಮಂದವಾದ ಲೇಸರ್ ಹಾಯಿಸಿ, ಚದುರಿದ ಬೆಳಕಿನ ಮಿನುಗು ಎಷ್ಟು ಚುರುಕು ಎಂದು ಅಳೆದರೆ ಗಂಟಿನ ಗಾತ್ರ ತಿಳಿಯುತ್ತದೆ. 1975ರಲ್ಲಿ ತನಾಕಾ ಮತ್ತು ಬೆನೆಡೆಕ್ ಎಂಬ ಸಂಶೋಧಕರು ಇಡೀ ಮಸೂರದಲ್ಲಿ ಇದನ್ನು ಅಳೆದು ತೋರಿಸಿದರು. ಬಾಹ್ಯಾಕಾಶದಲ್ಲಿ ಪ್ರೋಟೀನ್ ಹರಳುಗಳ ಬೆಳವಣಿಗೆ ನೋಡಲು ನಾಸಾ ರೂಪಿಸಿದ ಉಪಕರಣ ಮುಂದೆ ಇದೇ ಕೆಲಸಕ್ಕೆ ಒದಗಿತು. ಉಳಿದ ಪ್ರೋಟೀನುಗಳು ಗಂಟುಕಟ್ಟದಂತೆ ಮೊದಲಿಗೆ ತಡೆದಿಡುವುದು ಆಲ್ಫಾ ಕ್ರಿಸ್ಟಲಿನ್ ಎಂಬ ಪ್ರೋಟೀನು. ಅದರ ದಾಸ್ತಾನು ಎಷ್ಟು ಕಡಿಮೆಯಾಗಿದೆ ಎಂಬುದನ್ನು ಮಬ್ಬು ಕಾಣುವ ಮೊದಲೇ ಈ ಬೆಳಕು ಹೇಳಬಲ್ಲದು.

‘ಹಣ್ಣಾಗಲಿ, ಆಮೇಲೆ ತೆಗೆಸೋಣ’ ಎನ್ನುವುದು ಅತ್ತೆಯ ವಾದ. ಇಡೀ ಮಸೂರ ತೆಗೆದು ಸೋಡಾಬುಡ್ಡಿ ಕನ್ನಡಕ ಕೊಡುತ್ತಿದ್ದ ಕಾಲದ ಮಾತು ಅದು, ಆಗ ಸರಿಯೂ ಇತ್ತು. ಈಗ ತೀರಾ ಕಾದರೆ ಮಸೂರ ಗಟ್ಟಿಯಾಗಿ ಶಸ್ತ್ರಚಿಕಿತ್ಸೆಯೇ ಕಷ್ಟ.

ತಪಾಸಣೆಗೆ ಹೋಗುವಾಗ ಜೊತೆಗೊಬ್ಬರಿರಲಿ, ಹನಿ ಹಾಕಿದ ಮೇಲೆ ಕೆಲವು ಗಂಟೆ ವಾಹನ ಓಡಿಸುವಂತಿಲ್ಲ. ಕೇಸ್ ಪೇಪರಿನಲ್ಲಿ ‘ಎನ್‌ಎಸ್ 2’ ಎಂಬಂತೇನಾದರೂ ಬರೆದಿದ್ದರೆ ಅದು ತಿರುಳಿನ ದರ್ಜೆ. ಎರಡೂ ಕಣ್ಣಿನದನ್ನು ಕೇಳಿ ಬರೆಸಿಕೊಳ್ಳಿ. ಮುಂದಿನ ವರ್ಷ ಅದೇ ಕಾಗದವನ್ನು ತೆಗೆದುಕೊಂಡು ಹೋಗಿ, ಎರಡೂ ವರ್ಷದ ದರ್ಜೆಗಳನ್ನು ಅಕ್ಕಪಕ್ಕ ಇಟ್ಟು ನೋಡುವಂತೆ ಕೇಳಿ.